ಏನೂ ಬೆಳೆಯದ ಪ್ಲೇಟು

ಮಾರ್ಚ್ 4, ಮಂಗಳವಾರ

ಇವತ್ತು ತೆಗೆದು ನೋಡಿದ ಹಿಂದಿನ ಪ್ಲೇಟುಗಳೆಲ್ಲ ಖಾಲಿ. ಮೇಡಂಗೆ ಖುಷಿ. ಬೆಳಗ್ಗೆಯಿಂದ ಕ್ಲೀನ್ ರೂಮಿನಲ್ಲಿ ಯಂತ್ರದ ಮೈ ಒರೆಸಿದ್ದೇ ಒರೆಸಿದ್ದು. ಒಂದೊಂದು ಭಾಗಕ್ಕೆ ಒಂದೊಂದು ಹತ್ತಿಕಡ್ಡಿ, ಒಂದೊಂದು ಕಡ್ಡಿಗೆ ಕ್ರಿಮಿ ಬೆಳೆಸಿ ನೋಡುವ ಒಂದೊಂದು ಪ್ಲೇಟು. ಕ್ರಿಮಿಗಳಿಗೆ ಊಟ ಬಡಿಸಿಟ್ಟು, ಯಾರೂ ಬರದಿರಲಪ್ಪಾ ಎಂದು ಕಾಯುವ ಕೆಲಸ ನನ್ನದು. ಯಂತ್ರ ಹೋಗುವುದು ಆಕಾಶದಾಚೆ, ದೂರದ ಮಂಜುಗಡ್ಡೆಯ ಲೋಕಕ್ಕೆ, ಅಲ್ಲಿ ಜೀವ ಇದೆಯೋ ಇಲ್ಲವೋ ನೋಡಲು. ಇಲ್ಲಿಂದಲೇ ಅಂಟಿಸಿಕೊಂಡು ಹೋದರೆ ಅಲ್ಲಿ ಸಿಗುವುದು ನಮ್ಮದೇ ಕ್ರಿಮಿ.

"ಏನೂ ಸಿಗಲಿಲ್ಲ ಅಂತ ಬರೆದು ಸಂಬಳ ತಗೊಳ್ಳೋಳು ಲೋಕದಲ್ಲಿ ನೀನೊಬ್ಬಳೇ ಕಣೆ" ಎಂದು ಇವರು ರೇಗಿಸುತ್ತಿದ್ದರು. ಆ ಯಂತ್ರದ ಸ್ಕ್ರೂ ಬಿಗಿಯುತ್ತಿದ್ದ ಮೆಕ್ಯಾನಿಕ್ ಇವರು, ನನ್ನ ಗಂಡ. ನಾನು ಇವರ ಹಿಂದೆಯೇ ಒರೆಸಿಕೊಂಡು ಹೋಗುತ್ತಿದ್ದವಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ. ಅದೇ ಪ್ರಶ್ನೆ — "ಏನಾದ್ರೂ ಸಿಕ್ತೇನೇ?"

"ಇಲ್ಲ ಅತ್ತೆ, ಏನೂ ಸಿಗಲಿಲ್ಲ."

"ಒಳ್ಳೇದಾಯ್ತು ಬಿಡು. ಕೈಕಾಲು ತೊಳ್ಕೊಂಡು ಬಾ."

ಮೊದಲು ನಮ್ಮಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೇಳುತ್ತಿದ್ದರು. ಮಗ ತೀರಿಹೋದ ಮೇಲೆ ಎಷ್ಟೋ ದಿನ ಕೇಳಲಿಲ್ಲ. ಈಗ ಮತ್ತೆ ಶುರು ಮಾಡಿದ್ದಾರೆ. ಕೇಳಲಿ. ಮನೆಯಲ್ಲಿ ಅಷ್ಟಾದರೂ ಮಾತಿರಲಿ.

ಮಾರ್ಚ್ 7, ಶುಕ್ರವಾರ

ಒಂದರಲ್ಲಿ ಬೆಳೆದಿದೆ.

ಯಂತ್ರದ ಕೊರೆಯುವ ತೋಳಿನ ಕೀಲು. ಕೊನೆಯ ಪರೀಕ್ಷೆಗೆಂದು ಮುಚ್ಚಳ ತೆಗೆದಿದ್ದರು, ಒಳಗಿನ ಸ್ಕ್ರೂಗಳ ಸಂದಿ ಒರೆಸಿದ್ದೆ. ಪ್ಲೇಟಿನ ನಡುವೆ ಒಂದೇ ಚುಕ್ಕಿ. ಕೆನೆ ಬಣ್ಣ, ಅಂಚು ಸುಕ್ಕುಸುಕ್ಕು. ಸ್ಪಿರಿಟ್ಟಿಗೂ ಸಣ್ಣ ಕಾವಿಗೂ ಸಾಯದ ಗಟ್ಟಿ ಜಾತಿ.

ಆ ಕೀಲು ಇವರು ಮಾಡಿದ ಕೊನೆಯ ಕೆಲಸ. ಆಮೇಲೆ ಯಾರೂ ಅದರ ಒಳಗೆ ಕೈ ಹಾಕಿಲ್ಲ.

ಇವರದ್ದಿರಲಾರದು. ಗಾಳಿಯಿಂದ ಬಂದಿರಬೇಕು. ನಾಳೆ ರಜೆಯಾದರೂ ಹೋಗಿ ಜೀನ್ ಓದುವ ಮಷೀನಿಗೆ ಹಾಕಿ ನೋಡುತ್ತೇನೆ.

ಮಾರ್ಚ್ 9, ಭಾನುವಾರ

ಇವರದ್ದೇ.

ಕ್ಲೀನ್ ರೂಮಿಗೆ ಹೋಗುವವರ ಕೈಯನ್ನೆಲ್ಲ ವರ್ಷಕ್ಕೊಮ್ಮೆ ಒರೆಸಿ ಇಟ್ಟುಕೊಳ್ಳುತ್ತೇವೆ, ಕ್ರಿಮಿ ಸಿಕ್ಕರೆ ಯಾರಿಂದ ಬಂತು ಎಂದು ತಿಳಿಯಲು. ಕಂಪ್ಯೂಟರ್ ಹೋಲಿಸಿ ಹೇಳಿತು: ಬಲಗೈ ಹೆಬ್ಬೆರಳು, ಉಗುರಿನ ಸಂದಿ. ಮುಂದೆ ಇವರ ನಂಬರು. ಬೇರೆ ಯಾರ ಕೈಯಲ್ಲೂ ಈ ಜಾತಿ ಇಲ್ಲ. ಇವರ ಕೈಯಲ್ಲಿ ವರ್ಷಗಟ್ಟಲೆ ಸಂಸಾರ ಹೂಡಿತ್ತು.

ಕೆಲಸ ಬಿಟ್ಟವರ ಸ್ಯಾಂಪಲ್ ಸುಟ್ಟುಹಾಕುವುದು ರೂಲ್ಸು. ಇವರದ್ದನ್ನೂ ಸುಟ್ಟಾಗಿದೆ, ಕಂಪ್ಯೂಟರಿನಲ್ಲಿ ಜೀನಿನ ದಾಖಲೆ ಮಾತ್ರ ಉಳಿದಿದೆ. ಮನೆಯಲ್ಲಾದರೂ ಏನಿದೆ? ಬಟ್ಟೆಗಳನ್ನು ಕುದಿಸಿ ಒಗೆದು ದಾನ ಕೊಟ್ಟವಳು ನಾನು. ಕಾಯಿಲೆಯ ಮನೆ ಎಂದು ಮಂಚ, ಕಿಟಕಿ, ಬಾಗಿಲ ಚಿಲಕ ಎಲ್ಲ ಔಷಧಿ ಹಾಕಿ ಉಜ್ಜಿದವಳೂ ನಾನೇ. ವೃತ್ತಿಯ ಚಾಳಿ ಮನೆಯಲ್ಲೂ ಬಿಡಲಿಲ್ಲ.

ಹಾಗಾಗಿ ಇವರದ್ದೆಂದು ಜೀವಂತ ಉಳಿದಿರುವುದು ಈ ಪ್ಲೇಟಿನಲ್ಲಿ, ಮತ್ತೆ ಆ ಸ್ಕ್ರೂ ಸಂದಿಯಲ್ಲಿ. ಅಷ್ಟೇ.

ಬೆಳೆದ ದಿನವೇ ಮೇಡಂಗೆ ಹೇಳಬೇಕು. ಆ ಭಾಗ ಒವನ್‌ಗೆ ಹೋಗುತ್ತದೆ, ಪ್ಲೇಟು ಕ್ರಿಮಿ ಕೊಲ್ಲುವ ಆವಿಯ ಡಬ್ಬಿಗೆ. ಹೇಳಲಿಲ್ಲ. ಪ್ಲೇಟನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಎಲ್ಲದರ ಹಿಂದೆ ಇಟ್ಟು ಬಂದೆ.

ಮಾರ್ಚ್ 11, ಮಂಗಳವಾರ

ಚುಕ್ಕಿ ದೊಡ್ಡದಾಗಿದೆ. ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೇನೆ, ಹೆತ್ತವಳು ತೊಟ್ಟಿಲು ನೋಡುವ ಹಾಗೆ.

ಊಟದ ಹೊತ್ತಿನಲ್ಲಿ ದಪ್ಪಣ್ಣ ಸಿಕ್ಕ. ಇವರ ಜೋಡಿ ಮೆಕ್ಯಾನಿಕ್, ಇಬ್ಬರೂ ಒಂದೇ ಬೆಂಚು. ಆ ಕೀಲು ಬಿಗಿದ ದಿನದ್ದು ಕೇಳಿದೆ. ಟಿಫಿನ್ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ.

"ಕಾಯಿಲೆಗೆ ಆ ಔಷಧಿ ಶುರುವಾದ್ಮೇಲೆ ಅವನ ಬೆರಳು ಜೋಮು ಹಿಡಿದ ಹಾಗೆ ಆಗಿತ್ತು ಅಕ್ಕ. ಗ್ಲೌಸ್ ಮೇಲಿಂದ ಸ್ಕ್ರೂ ಕೂತಿದ್ದು ಗೊತ್ತಾಗ್ತಿರ್ಲಿಲ್ಲ. ಒಂದೇ ಒಂದು ಸಲ, ಬಲಗೈದು ಬಿಚ್ಚಿ ಹೆಬ್ಬೆರಳಲ್ಲಿ ಸವರಿ ನೋಡ್ದ. ಆಮೇಲೆ ಸ್ಪಿರಿಟ್ ಹಾಕಿ ಒರೆಸ್ದ. ನಾನು ನೋಡಿಯೂ ನೋಡದ ಹಾಗೆ ಇದ್ದೆ."

"ನನಗೆ ಕೈ ಚೆನ್ನಾಗೇ ಇದೆ ಅಂದಿದ್ರು."

"ನಿಮಗೆ ಹೇಳಿದ್ರೆ ಕೆಲಸಕ್ಕೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಆ ಕೊನೆಯ ತಿಂಗಳು ಇವರು ನನ್ನ ಕೈ ಹಿಡಿದು ಕೂರುತ್ತಿದ್ದರು. ನನ್ನ ಕೈ ಇವರಿಗೆ ತಿಳಿಯುತ್ತಿತ್ತೋ ಇಲ್ಲವೋ.

ಮಾರ್ಚ್ 13, ಗುರುವಾರ

ಸೋಮವಾರ ಕೀಲಿನ ಮುಚ್ಚಳ ಹಾಕಿ ಬೆಸೆದುಬಿಡುತ್ತಾರಂತೆ. ಆಮೇಲೆ ಯಾರೂ ತೆರೆಯುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವರು ಹೊರಟಂತೆಯೇ.

ತಡೆಯಲಾರದೆ ಅತ್ತೆಗೆ ಹೇಳಿಬಿಟ್ಟೆ. ಸೊಪ್ಪು ಬಿಡಿಸುತ್ತಿದ್ದರು. ಅರ್ಥವಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ಸುಲಭವಾಗಿ ಆಯಿತು.

"ಅವನ ಕೈಯಲ್ಲಿದ್ದದ್ದು… ಇನ್ನೂ ಬದುಕಿದೆಯಾ?"

"ಹೂಂ ಅತ್ತೆ."

"ಹಂಗಾದ್ರೆ ಹೋಗ್ಲಿ ಬಿಡೇ. ಚಿಕ್ಕವನಿದ್ದಾಗಿಂದ ಆಕಾಶ ನೋಡ್ಕೊಂಡೇ ಬೆಳೆದವನು. ಅಷ್ಟು ದೂರ ಯಾರು ಬಂದು ನೋಡ್ತಾರೆ?"

"ನೋಡೋದಕ್ಕೇ ಹೋಗ್ತಿರೋದು ಅತ್ತೆ ಅದು."

"ಸುಟ್ಟುಬಿಡ್ತೀಯಾ?" ಎಂದರು. "ಒಂದು ಸಲ ಸುಟ್ಟಾಯ್ತಲ್ಲೇ ಅವನನ್ನ" ಎಂದು ಸೊಪ್ಪಿನ ಬುಟ್ಟಿ ತೆಗೆದುಕೊಂಡು ಒಳಗೆ ಹೋದರು.

ಮಾರ್ಚ್ 16, ಭಾನುವಾರ

ಎರಡು ದಿನ ಬರೆಯಲಿಲ್ಲ. ಬರೆಯುವುದೇನು, ಅತ್ತೆ ಹೇಳಿದ್ದೇ ನನಗೂ ಬೇಕಾಗಿದೆ. ಹೋಗಲಿ. ಎಲ್ಲೋ ಒಂದು ಕಡೆ ಇರಲಿ.

ಆದರೆ ಯಂತ್ರ ಅಲ್ಲಿಗೆ ಹೋಗಿ, ಮಂಜುಗಡ್ಡೆ ಕೊರೆದು, ಜೀವ ಇದೆ ಎಂದು ಸುದ್ದಿ ಕಳಿಸುತ್ತದೆ. ಲೋಕವೆಲ್ಲ ಕುಣಿಯುತ್ತದೆ. ಅದು ನನ್ನ ಗಂಡನ ಉಗುರಿನ ಕೊಳೆ ಎಂದು ಗೊತ್ತಿರುವವಳು ನಾನೊಬ್ಬಳು. ಇವರು ಬದುಕಿದ್ದರೆ ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು.

ಆಸ್ಪತ್ರೆಯಲ್ಲಿ ಒಮ್ಮೆ ಹೇಳಿದ್ದರು: "ನಾನಂತೂ ನೋಡಲ್ಲ. ಅಲ್ಲಿ ಏನಾದ್ರೂ ಇತ್ತಾ ಇಲ್ವಾ ಅಂತ ನೀನು ನೋಡು. ಇಲ್ಲ ಅಂದ್ರೂ ಪರವಾಗಿಲ್ಲ. ನಿಜ ಗೊತ್ತಾಗ್ಬೇಕು." ಜೋಮು ಹಿಡಿದ ಕೈಯಲ್ಲಿ ಸ್ಕ್ರೂ ಸವರಿದ್ದೂ ಅದಕ್ಕೇ. ಸಡಿಲವಾಗಿದ್ದರೆ ಆ ತೋಳು ಅಲ್ಲಿ ಕೊರೆಯಲಾರದು ಎಂದು.

ಇವರನ್ನು ಕಳಿಸಿದರೆ ಇವರ ಪ್ರಶ್ನೆಯನ್ನೇ ಕೆಡಿಸಿದ ಹಾಗಾಗುತ್ತದೆ. ನನಗೆ ಗೊತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

ಮಾರ್ಚ್ 17, ಸೋಮವಾರ

ಹೇಳಿದೆ. ಮೇಡಂ ಬೈಯಲು ಬಾಯಿ ತೆರೆದವರು ನನ್ನ ಮುಖ ನೋಡಿ ನಿಲ್ಲಿಸಿದರು.

"ಯಾರದ್ದು ಅಂತ ಗೊತ್ತಾಯ್ತಾ?"

"ನಮ್ಮನೆಯವರದ್ದು."

ಅವರು ಕುರ್ಚಿಯಲ್ಲಿ ಕೂತರು. "ನೀವು ಮನೆಗೆ ಹೋಗಿ. ನಾನು ಮಾಡಿಸ್ತೀನಿ" ಎಂದರು. ಬೇಡ ಎಂದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಕೀಲನ್ನು ಒವನ್‌ನಲ್ಲಿ ಇಟ್ಟೆ, ಗುಂಡಿ ಒತ್ತಿದೆ. ಪ್ಲೇಟು ಉಳಿದಿತ್ತು. ರೂಮಿನಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಮಾಡದ ಕೆಲಸ ಮಾಡಿದೆ. ಗ್ಲೌಸ್ ತೆಗೆದೆ, ಮುಚ್ಚಳ ತೆಗೆದೆ, ಹೆಬ್ಬೆರಳಲ್ಲಿ ಮುಟ್ಟಿದೆ. ಸ್ವಲ್ಪ ಅಂಟು. ಬೆಚ್ಚಗಿತ್ತು, ಪೆಟ್ಟಿಗೆಯ ಕಾವು. ಪೆಟ್ಟಿಗೆಯ ಕಾವೇ ಎಂದು ಗೊತ್ತಿದ್ದೂ ಅಳು ಬಂತು.

ಪ್ಲೇಟನ್ನು ಆವಿಯ ಡಬ್ಬಿಗೆ ಹಾಕಿದೆ. ಕೈ ತೊಳೆಯಲೇಬೇಕು. ಮೊಣಕೈವರೆಗೂ ತೊಳೆದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ, ಮುಟ್ಟಿದ್ದನ್ನೂ. ಗೋಡೆ ಕಡೆ ತಿರುಗಿ ಮಲಗಿದ್ದರು. ಕೇಳಿಸಿತೋ ಇಲ್ಲವೋ.

ಮಾರ್ಚ್ 19, ಬುಧವಾರ

ಒವನ್‌ನಿಂದ ಬಂದ ಕೀಲನ್ನು ನಿನ್ನೆಯೇ ಮತ್ತೆ ಒರೆಸಿ ಪ್ಲೇಟು ಹಾಕಿದ್ದೇನೆ. ಅತ್ತೆ ಮಾತಾಡುತ್ತಿಲ್ಲ. ನನ್ನ ಊಟ ಮುಚ್ಚಿಟ್ಟಿರುತ್ತಾರೆ, ಬಾಗಿಲಿಗೆ ಬರುವುದಿಲ್ಲ.

ಮಾರ್ಚ್ 21, ಶುಕ್ರವಾರ

ಪ್ಲೇಟು ಖಾಲಿ. ಬೆಳಕಿಗೆ ಹಿಡಿದು ನೋಡಿದೆ, ಓರೆ ಮಾಡಿ ನೋಡಿದೆ. ನಾಚಿಕೆ ಬಿಟ್ಟು ಹೇಳುವುದಾದರೆ, ಒಂದು ಚುಕ್ಕಿಯಾದರೂ ಇರಲಿ ಎಂದು ಹುಡುಕಿದೆ. ಸ್ವಚ್ಛ. ಮೇಡಂ ಭುಜ ತಟ್ಟಿದರು. ಮಧ್ಯಾಹ್ನ ಮುಚ್ಚಳ ಬೆಸೆದರು. ದಪ್ಪಣ್ಣ ಕಣ್ಣೊರೆಸಿಕೊಂಡು ಸ್ಪಿರಿಟ್ ವಾಸನೆ ಎಂದ.

ಮನೆಗೆ ಬಂದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಚೌಕಟ್ಟು ಹಿಡಿದುಕೊಂಡು.

"ಏನಾದ್ರೂ ಸಿಕ್ತೇನೇ?"

"ಇಲ್ಲ ಅತ್ತೆ. ಏನೂ ಸಿಗಲಿಲ್ಲ."

ಒಳ್ಳೇದಾಯ್ತು ಬಿಡು ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಮೆಟ್ಟಿಲ ಮೇಲೆ ಕೂತರು. ನಾನೂ ಚಪ್ಪಲಿ ಬಿಚ್ಚದೆ ಪಕ್ಕದಲ್ಲಿ ಕೂತೆ.

"ಯಾವ ಬೆರಳಲ್ಲಿ ಮುಟ್ಟಿದ್ದು?"

ಹೆಬ್ಬೆರಳು ತೋರಿಸಿದೆ. ಹಿಡಿದುಕೊಂಡರು.

"ತೊಳೆದುಬಿಟ್ಯಾ?"

"ತೊಳೆದೆ ಅತ್ತೆ."

ಅವರು ಆ ಬೆರಳನ್ನು ಬಿಡಲಿಲ್ಲ. ಮುದುರಿ ತಮ್ಮ ಮುಷ್ಟಿಯೊಳಗೆ ಇಟ್ಟುಕೊಂಡರು. ನಾನು ಕೈ ಎಳೆದುಕೊಳ್ಳಲಿಲ್ಲ.