ಮೂರನೆಯ ಮಡು ನಿನ್ನದು

ಅಪ್ಪ,

ಇವತ್ತು ನಾನೂ ತಮ್ಮ ಕ್ಯಾಲಮ್ಮೂ ನಿನ್ನ ಹಳ್ಳಕ್ಕೆ ಹೋಗಿದ್ದೆವು. ನೀನು ತೀರಿಕೊಂಡ ಮೇಲೆ ಇದೇ ಮೊದಲು. ನಿನ್ನ ಕಾಲುದಾರಿಯನ್ನು ಬ್ಲ್ಯಾಕ್‌ಬೆರಿ ಮುಳ್ಳು ಆಗಲೇ ಅರ್ಧ ನುಂಗಿದೆ.

ಮೊದಲ ಮಡುವಿನಲ್ಲಿ ನೀನು ಗರಿ ಸುತ್ತಿ ಮಾಡಿಟ್ಟಿದ್ದ ಹುಸಿ ನೊಣವನ್ನೇ ಗಾಳದ ದಾರಕ್ಕೆ ಕಟ್ಟಿ ಬೀಸಿದೆ. ಗೇಣುದ್ದದ ಟ್ರೌಟ್ ಮೀನು ಸಿಕ್ಕಿತು, ನೀರಿಗೆ ಬಿಟ್ಟೆ. ಎರಡನೆಯದರಲ್ಲಿ ಕ್ಯಾಲಮ್ ಎಂದಿನಂತೆ ನೀಲಗಿರಿ ಕೊಂಬೆಗೆ ಗಾಳ ಸಿಕ್ಕಿಸಿದ. "ಮರ ಹಿಡಿದ್ಯಲ್ಲೋ, ಎಷ್ಟು ತೂಕ ಇದೆ?" ಎಂದು ನಿನ್ನ ಮಾತನ್ನೇ ಅಂದೆ. ಮೇಲೆ ಕುಕಬರಾ ಹಕ್ಕಿಯೂ ನಕ್ಕಿತು.

ಮೂರನೆಯ ಮಡುವಿನಲ್ಲಿ, ಬಂಡೆಯ ನೆರಳಲ್ಲಿ, ಭಾರೀ ಮೀನೊಂದು ಎದ್ದೆದ್ದು ಹುಳ ತಿನ್ನುತ್ತಿತ್ತು.

"ಹಾಕೇ ಅಕ್ಕ!" ಎಂದು ಕ್ಯಾಲಮ್ ಪಿಸುಗುಟ್ಟಿದ.

"ನನ್ ಸರದಿ ಅಲ್ಲ ಕಣೋ."

"ನಂದೂ ಅಲ್ಲ."

ಸಿಕ್ಕರೂ ತಪ್ಪಿದರೂ ಸರದಿಗೊಂದೇ ಮಡು ಎಂದು ಕಟ್ಟಳೆ ಮಾಡಿದವನು ನೀನೇ ತಾನೆ? ಇಬ್ಬರೂ ದಂಡೆಯಲ್ಲಿ ಕುಳಿತು ಫ್ಲಾಸ್ಕಿನ ಚಹಾ ಮುಗಿಸಿದೆವು. ಮೀನು ಹೊಟ್ಟೆ ತುಂಬ ತಿಂದು ತಳಕ್ಕಿಳಿಯಿತು. ಆಗ ಕ್ಯಾಲಮ್ ನೀನು ಕೂರುತ್ತಿದ್ದ ಕಲ್ಲಿನ ಕಡೆ ತಿರುಗಿ, "ಬಿಟ್ಯಲ್ಲಪ್ಪಾ ಅಂಥಾ ಮೀನನ್ನ! ನಡಿ, ಈಗ ಅಕ್ಕನ್ ಸರದಿ" ಅಂದ.

ಕೊನೆಕೊನೆಗೆ ನಿನ್ನ ಕಣ್ಣು ಮಂಜಾಗಿ, ದಾರಕ್ಕೆ ನೊಣ ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತಿತ್ತು! ನಾವು ಬೆನ್ನ ಹಿಂದೆ ನಿಂತು "ಬೇಗ ಅಪ್ಪಾ, ಬೇಗ" ಅನ್ನುತ್ತಿದ್ದೆವು.

ಇವತ್ತು ಅದಕ್ಕಿಂತ ಹೆಚ್ಚು ಹೊತ್ತು ಕಾದೆವು. ಒಬ್ಬರೂ ಬೇಗ ಅನ್ನಲಿಲ್ಲ.