ಎಂಬತ್ತು ಲೀಟರಿನ ಟ್ಯಾಂಕು

ಹೊಸಪೇಟೆ
17 ನವೆಂಬರ್ 2024, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ನಿನ್ನ ಕಿರಿಮಗಳು ಅಂಜಲಿಯ ಜೈ ಭೀಮ್. ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಸಂಡೂರಿನ ಚಳಿ ಶುರುವಾಗಿರಬೇಕು. ನಸುಕಿನಲ್ಲೇ ಎದ್ದು ಶಾಲೆಯ ಗಿಡಗಳಿಗೆ ನೀರು ಹಾಕಲು ಓಡಬೇಡ, ಬಿಸಿಲು ಬಿದ್ದ ಮೇಲೆ ಹೋಗು. ತಡವಾಯಿತೆಂದು ಗಿಡಗಳೇನೂ ನಿನ್ನ ಮೇಲೆ ಹೆಡ್‌ಮಾಸ್ತರರಿಗೆ ದೂರು ಕೊಡುವುದಿಲ್ಲ. ಊರಮ್ಮಕ್ಕ ಕೊಡುವ ಗುಳಿಗೆ ನುಂಗುತ್ತಿದ್ದೀಯೋ ಇಲ್ಲ ದಿಂಬಿನ ಕೆಳಗೆ ಸೇರಿಸುತ್ತಿದ್ದೀಯೋ? ನನಗೆ ಎಲ್ಲ ಸುದ್ದಿಯೂ ಬರುತ್ತದೆ, ನೆನಪಿರಲಿ. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ ಸುಮ್ಮನೆ 'ಹ್ಞೂಂ' ಅಂದುಬಿಡುತ್ತೀ. ಈ ವಿಷಯಕ್ಕೆ ನೀನು ಹ್ಞೂಂ ಅನ್ನಬಾರದು. ಅದಕ್ಕೇ ಬರೆದು, ನಮ್ಮ ಪ್ರವಾಸಿ ಗಾಡಿಯ ಡ್ರೈವರ್ ದುರುಗಣ್ಣನ ಕೈಯಲ್ಲಿ ಮಧ್ಯಾಹ್ನದ ಬಸ್ಸಿಗೆ ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದು.

ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಮಾಲೀಕ ಚನ್ನಯ್ಯ ನಿನ್ನೆ ನಿನ್ನ ಹೆಸರು ಎತ್ತಿದ. ನಿನ್ನ ಹಳೆಯ ಕೆಲಸಕ್ಕೆ! ಅವನ ಗಾಡಿಯ ಕೆಳಗೆ ಮಲಗಿ, ಕಕ್ಕಸಿನ ಟ್ಯಾಂಕಿಗೆ ನೀನು ಕೈ ಹಾಕಬೇಕಂತೆ. ಅಕ್ಷರ ಸೊಟ್ಟಗಿದ್ದರೆ ಅದು ಹೆದರಿಕೆಗಲ್ಲ, ಸಿಟ್ಟಿಗೆ.

ಆ ಗಾಡಿಯನ್ನು ನೀನು ಒಮ್ಮೆ ಹೊರಗಿನಿಂದ ನೋಡಿ, 'ಮನೀಗೇ ಗಾಲಿ ಹಚ್ಯಾರಲ್ಲವ್ವಾ' ಎಂದು ನಕ್ಕಿದ್ದೆ. ಒಳಗೆ ಮಲಗಲು ಮಂಚ, ಒಲೆ, ಪಾತ್ರೆ ತೊಳೆಯುವ ಸಿಂಕು, ಬಚ್ಚಲು, ಕಕ್ಕಸು ಎಲ್ಲ ಇವೆ. ಆದರೆ ಊರಿನ ಮನೆಯಂತೆ ಅದಕ್ಕೆ ಚರಂಡಿ ಇಲ್ಲ. ಬಯಲಿನಲ್ಲಿ ನಿಂತ ಮೇಲೆ, ಒಳಗೆ ಬಳಸಿದ್ದೆಲ್ಲ ಕೆಳಗಿನ ಎರಡು ಟ್ಯಾಂಕುಗಳಲ್ಲೇ ಕೂತಿರುತ್ತದೆ: ಬಚ್ಚಲು ಮತ್ತು ಸಿಂಕಿನ ನೀರಿಗೆ ನೂರು ಲೀಟರಿನದೊಂದು, ಕಕ್ಕಸಿಗೆ ಎಂಬತ್ತು ಲೀಟರಿನದೊಂದು. ತುಂಬಿದರೆ ಕೆಂಪು ದೀಪ ಹತ್ತುತ್ತದೆ. ಆಗ ಹೊಸಪೇಟೆಗೆ ಬಂದು, ಊರ ಹೊರಗೆ ಕೊಳಚೆ ನೀರು ಶುದ್ಧ ಮಾಡುವಲ್ಲಿ ಖಾಲಿ ಮಾಡಬೇಕು. ಪೈಪು ಹಚ್ಚಬೇಕು, ಹಿಡಿಕೆ ಎಳೆಯಬೇಕು, ಮುಗಿಯಿತು. ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ. ಕೆಲಸಕ್ಕೆ ಸೇರಿದ ದಿನ ಆ ಹಿಡಿಕೆ ನೋಡಿ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೇ? ನಮ್ಮಪ್ಪನ ಕಾಲಕ್ಕೆ ಇದೊಂದು ಹಿಡಿಕೆ ಇರಬಾರದಿತ್ತೇ ಅಂದುಕೊಂಡಿದ್ದೆ.

ಎರಡು ವರ್ಷ ನಾನು ಪ್ರವಾಸಿಗರ ಜೊತೆ ಆ ಗಾಡಿಯಲ್ಲಿ ಓಡಾಡಿದೆ, ಒಂದು ದಿನವೂ ಟ್ಯಾಂಕು ನನಗೆ ಕೈಕೊಟ್ಟಿಲ್ಲ. ಹತ್ತಿದ ಕೂಡಲೇ ಎಲ್ಲರನ್ನೂ ಕೂರಿಸಿ ಹೇಳುತ್ತಿದ್ದೆ. ಪಾತ್ರೆಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಬೋಗುಣಿಯಲ್ಲಿ ತೊಳೆಯಿರಿ, ಅದೇ ನೀರನ್ನು ಕಕ್ಕಸಿಗೆ ಹಾಕಿರಿ. ಸ್ನಾನಕ್ಕೆ ಮೈ ನೆನೆಸಿ ನಲ್ಲಿ ಬಂದ್ ಮಾಡಿ, ಸೋಪು ಹಚ್ಚಿ, ಆಮೇಲೆ ತೊಳೆದುಕೊಳ್ಳಿ. ಹಂಪಿಯಲ್ಲಿ ಸುತ್ತುವಾಗ ಅಲ್ಲಿಯ ಶೌಚಾಲಯಕ್ಕೇ ಹೋಗಿ ಬನ್ನಿ. ಕಾಗದ, ಒದ್ದೆ ಟಿಶ್ಯೂ ಏನನ್ನೂ ಒಳಗೆ ಹಾಕಬೇಡಿ. ಹೀಗೆ ನಡೆದರೆ ಐದು ಜನ ಮೂರು ದಿನ ಆರಾಮಾಗಿ ಇರಬಹುದು. ಮನೆಯಲ್ಲಿ ಒಂದು ಕೊಡ ನೀರಿನಲ್ಲಿ ದಿನ ದೂಡಿದವಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ, ಅಲ್ಲವೇ?

ಶುಕ್ರವಾರ ಬಂದವರು ಕಂಪ್ಲಿಯ ಅಕ್ಕಿ ಗಿರಣಿಯವರು. ಯಜಮಾನ ಕೊಟ್ರಯ್ಯ, ಹೆಂಡತಿ ಶಾಂಭವಿ, ಎರಡು ಮಕ್ಕಳು, ಮತ್ತೆ ಕೊಟ್ರಯ್ಯನ ತಾಯಿ ಪಂಪಮ್ಮ. ನಾನು ಟ್ಯಾಂಕಿನ ಮಾತು ಎತ್ತಿದರೆ ಕೊಟ್ರಯ್ಯ, 'ನೀರಿಗೂ ರೇಷನ್ ಕಾರ್ಡ್ ತರಬೇಕಿತ್ತೇನ್ರಿ ಮೇಡಂ?' ಎಂದು ನಕ್ಕ. ನಗಲಿ ಬಿಡು. ಮಲಪನಗುಡಿಯ ಹತ್ತಿರ ಒಂದು ಹೊಲದಲ್ಲಿ ಗಾಡಿ ನಿಲ್ಲಿಸಿದೆವು. ಪಂಪಮ್ಮ ಪ್ರತಿ ಸಲ ಒಳಗೆ ಬರುವಾಗಲೂ ಬಚ್ಚಲಿಗೆ ಹೋಗಿ ಕಾಲು ತೊಳೆಯುತ್ತಿದ್ದರು. ಹೇಳಿದರೆ, 'ಕಾಲು ತೊಳೀದ ಒಳಗ ಹೆಂಗ ಬರಾದವ್ವ, ಇದೂ ಮನೀನ ಅಲ್ಲೇನು?' ಅನ್ನುವರು. ಕಕ್ಕಸಿಗೆ ಹೋದವರೆಲ್ಲ ಮನೆಯಲ್ಲಿ ಸುರಿದಂತೆ ಚೊಂಬುಗಟ್ಟಲೆ ನೀರು ಸುರಿದರು. ಅದನ್ನು ತಪ್ಪು ಅನ್ನಲೇ? ನಾವೂ ಹಾಗೇ ಬೆಳೆದವರು. ಶನಿವಾರ ಬೆಳಿಗ್ಗೆ ಪಂಪಮ್ಮ ಇಷ್ಟಲಿಂಗ ಪೂಜೆ ಮಾಡಿದರು. ಪೂಜೆಯ ಹೂವು ಪತ್ರಿ ಕಾಲಿಗೆ ಸಿಗಬಾರದು, ಕಸದ ಬುಟ್ಟಿಗೆ ಬೀಳಬಾರದು, ಹರಿಯುವ ನೀರಿಗೇ ಬಿಡಬೇಕಲ್ಲ? ಗಾಡಿಯಲ್ಲಿ ಹರಿಯುವ ನೀರು ಎಂದರೆ ಅವರಿಗೆ ಕಂಡದ್ದು ಸಿಂಕು. ಜಾಲರಿ ತೆಗೆದು, ಚೆಂಡುಹೂವು, ಬಿಲ್ವಪತ್ರಿ ಎಲ್ಲವನ್ನೂ ಬೆರಳಿನಿಂದ ಭಕ್ತಿಯಾಗಿ ಒಳಗೆ ತಳ್ಳಿ, ನಲ್ಲಿ ಬಿಟ್ಟು ಕೈಮುಗಿದರು. ಮಧ್ಯಾಹ್ನ ಸಂಡೂರು ಮುಟ್ಟುವಷ್ಟರಲ್ಲಿ ಬಚ್ಚಲ ತೂತಿನಿಂದ ಸಾಬೂನು ನೀರು ಹಿಂದಕ್ಕೆ ಬಂದು, ನೆಲದ ಮೇಲೆಲ್ಲ ಚೆಂಡುಹೂವಿನ ಎಸಳು ತೇಲಾಡಿದವು. ನಗು ಬರುತ್ತದೆಯೇ? ನನಗೂ ಆಗ ಬಂದಿತ್ತು.

ನಾಲ್ಕು ಗಂಟೆಗೆ ಗುಡ್ಡದ ಮೇಲಿನ ಬಯಲಿನಲ್ಲಿ ಕಕ್ಕಸಿನ ಟ್ಯಾಂಕಿಗೂ ಕೆಂಪು ದೀಪ ಹತ್ತಿತು. ಈಗಲೇ ಹೊಸಪೇಟೆಗೆ ಹೋಗಿ ಖಾಲಿ ಮಾಡಿ ಬರೋಣ ಅಂದೆ. ಕೊಟ್ರಯ್ಯನಿಗೆ ಎಲ್ಲಿಲ್ಲದ ಕೋಪ. 'ಸೂರ್ಯ ಮುಳುಗಾದು ನೋಡಾಕ ಬಂದೀವ್ರಿ, ಹೇಲು ಹೊರಾಕ ಬಂದಿಲ್ಲ. ಆ ಹಳ್ಳಕ್ಕ ಬಿಟ್ಟುಬಿಡ್ರಿ, ಯಾರು ನೋಡ್ತಾರ?' ಅಂದ. ಯಾರು ನೋಡುತ್ತಾರೆ! ಕೆಳಗೆ ಹಳ್ಳದಲ್ಲಿ ಇಬ್ಬರು ಹೆಂಗಸರು ಕೊಡ ತುಂಬುತ್ತಿದ್ದರು, ಬೆರಳು ಮಾಡಿ ತೋರಿಸಿದೆ. ದುರುಗಣ್ಣ ಗಾಡಿಯ ಕೀಲಿ ಅಂಗಿ ಜೇಬಿಗೆ ಹಾಕಿಕೊಂಡು ಹೋಗಿ ಬಂಡೆಯ ಮೇಲೆ ಕೂತ. ಆಗ ಪಂಪಮ್ಮ ಮಗನನ್ನು ಉಗಿದರು ನೋಡು, 'ಹರಿಯೋ ನೀರಾಗ ಹೇಲು ಬಿಡ್ತೀಯೇನಲೇ ಕೊಟ್ರ್ಯಾ? ನಾಚ್ಕಿ ಬ್ಯಾಡೇನು ನಿನಗ?' ಎಂದು. ಅವರ ಕಾಲು ಹಿಡಿಯಬೇಕು ಅನ್ನಿಸಿತು ನನಗೆ. ಮರುಗಳಿಗೆಯೇ ನನ್ನ ಕಡೆ ತಿರುಗಿ, ಅದೇ ಪ್ರೀತಿಯ ದನಿಯಲ್ಲಿ ಅಂದರು: 'ಆ ಕೆಲಸದೋರು ಇರ್ತಾರಲ್ಲವ್ವ, ಯಾರನ್ನರ ಒಬ್ಬರನ್ನ ಕರೆಸು, ಕೈಹಾಕಿ ತಗೀತಾರ.' ಬೆಳಿಗ್ಗೆಯಷ್ಟೇ ತಮ್ಮ ಡಬ್ಬಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದು, ಬ್ಯಾಡ ಅಂದರೂ ಬಿಡದೆ ನನಗೆ ಉಣಿಸಿದ ಹೆಂಗಸು ಅವರು.

ಕೊಟ್ರಯ್ಯ ಚನ್ನಯ್ಯನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಚನ್ನಯ್ಯ ಅಂದ ಮಾತು ಇದ್ದಹಾಗೇ ಬರೆಯುತ್ತೇನೆ, ನೀನು ಓದಲೇಬೇಕು. 'ಏ ಅಂಜಲಿ, ಗಿರಾಕಿಗೆ ಯಾಕ ತ್ರಾಸು ಕೊಡ್ತೀ? ಸಂಡೂರಾಗ ನಿಮ್ಮಪ್ಪ ಹುಸೇನಪ್ಪ ಅದಾನಲ್ಲ, ಕರೆಸು. ಹಳೇ ಕೈ. ಅರ್ಧ ತಾಸಿನ ಕೆಲಸ ಅವಂದು.' ಮಕ್ಕಳು ಸಹ ಕೇಳಿಸಿಕೊಂಡವು. ಶಾಂಭವಿ ಮುಖ ಬೇರೆ ಕಡೆ ತಿರುಗಿಸಿದಳು. ತೊಳೆದಿಟ್ಟಿದ್ದ ರೊಟ್ಟಿ ಡಬ್ಬಿಯನ್ನು ವಾಪಸು ಕೊಡಲೆಂದು ನಾನು ಕೈಯಲ್ಲೇ ಹಿಡಿದಿದ್ದೆ. ಪಂಪಮ್ಮ ಅದನ್ನೇ ನೋಡಿದರು, ಕೊಡು ಅನ್ನಲಿಲ್ಲ, ಇಟ್ಟುಕೋ ಎಂದೂ ಅನ್ನಲಿಲ್ಲ. ನಾನೇ ಮೆಟ್ಟಿಲ ಮೇಲೆ ಇಟ್ಟೆ.

ಚನ್ನಯ್ಯನಿಗೆ ನಿನ್ನ ವಿಷಯ ಹೇಗೆ ಗೊತ್ತು ಅನ್ನುತ್ತೀಯಾ? ನಾನೇ ಹೇಳಿದ್ದೆ, ನನ್ನ ಬಾಯಿಗೆ ಬೆಂಕಿ ಹಾಕ. ಸಂದರ್ಶನದ ದಿನ ಮನೆಯವರ ಬಗ್ಗೆ ಕೇಳಿದಾಗ, ನಮ್ಮಪ್ಪ ಲಾಡ್ಜುಗಳ ಗುಂಡಿಗೆ ಇಳಿದು ನಮ್ಮಿಬ್ಬರನ್ನು ಓದಿಸಿದ, ಈಗ ಆ ಕೆಲಸ ಬಿಟ್ಟು ಶಾಲೆಯ ತೋಟ ನೋಡಿಕೊಳ್ಳುತ್ತಾನೆ ಎಂದು ಎದೆ ಉಬ್ಬಿಸಿ ಹೇಳಿದ್ದೆ. ಆ ಮನುಷ್ಯ ಕಣ್ಣು ಒರೆಸಿಕೊಂಡಿದ್ದನಪ್ಪಾ! 'ನಿಮ್ಮಂಥೋರು ಮುಂದ ಬರಬೇಕು' ಅಂದಿದ್ದ. ಆ ಕಣ್ಣೀರಿಗೆ ಮರುಳಾದೆನಲ್ಲ ಎಂದು ನನ್ನ ಮೇಲೆಯೇ ನನಗೆ ಹೇಸಿಗೆ. ಅವನು ಅಷ್ಟು ದಿನವೂ ನಿನ್ನನ್ನು ಮುಂದೆ ಬೇಕಾದೀತು ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ, ಅಷ್ಟೇ.

ಮನುಷ್ಯರ ಕೈಯಿಂದ ಈ ಕೆಲಸ ಮಾಡಿಸುವುದು ಅಪರಾಧ, ಕಾನೂನಿದೆ ಅಂದೆ. 'ಭೇಷ್, ಭಾಳ ಓದೀ' ಎಂದು ನಕ್ಕು ಫೋನಿಟ್ಟ. ಕತ್ತಲಾಗುವ ಮುಂಚೆಯೇ ಎಲ್ಲರನ್ನೂ ಕೂರಿಸಿಕೊಂಡು ಹೊಸಪೇಟೆಗೆ ಬಂದೆವು. ಅವರು ಲಾಡ್ಜಿಗೆ ಹೋದರು. ಹಿಡಿಕೆ ಎಳೆದು ನೋಡಿದರೆ ಅರ್ಧಕ್ಕೇ ನಿಂತಿತು. ಬೇಡ ಬೇಡ ಎಂದರೂ ಯಾರೋ ಒದ್ದೆ ಟಿಶ್ಯೂಗಳನ್ನು ಒಳಗೆ ಹಾಕಿದ್ದಾರೆ, ಅವು ಬಾಯಿಗೇ ಕಚ್ಚಿಕೊಂಡಿವೆ. ಗುಂಡಿ ಹೀರುವ ಲಾರಿಯ ಪೈಪು ದಪ್ಪ, ಈ ಬಾಯಿಗೆ ಹೋಗುವುದಿಲ್ಲ. ಇದನ್ನು ಯಂತ್ರದಿಂದಲೇ ಬಿಚ್ಚುವ ಮೆಕ್ಯಾನಿಕ್ ಹುಬ್ಬಳ್ಳಿಯಲ್ಲಿದ್ದಾನೆ, ಬುಧವಾರ ಬರುತ್ತೇನೆ ಅಂದಿದ್ದಾನೆ. ಆದರೆ ಮಂಗಳವಾರಕ್ಕೆ ಗಾಡಿ ಬುಕ್ ಆಗಿದೆ. ನೋಡಪ್ಪಾ, ವಿಷಯ ಇಷ್ಟೇ. ಒಂದು ದಿನ ಕಾಯಲಾರದ್ದಕ್ಕೆ ಅವನಿಗೆ ನಿನ್ನ ಕೈ ಬೇಕು!

ನನಗೆ ನಿನ್ನ ಬುದ್ಧಿ ಗೊತ್ತು. ಇಲ್ಲಿಯವರೆಗೆ ಓದುವಷ್ಟರಲ್ಲಿ ಟ್ಯಾಂಕಿನ ಬಾಯಿ ಎಷ್ಟು ಅಗಲ, ಬಿದಿರಿನ ಕಡ್ಡಿಗೆ ಕೊಕ್ಕೆ ಕಟ್ಟಿ ಎಳೆದರೆ ಬರುತ್ತದೆಯೇ ಎಂದು ಯೋಚಿಸಲು ಶುರು ಮಾಡಿರುತ್ತೀ. ಯೋಚಿಸಬೇಡ! ನಿನಗೆ ಬರುತ್ತದೆ ಎಂಬುದು ನನಗೂ ಗೊತ್ತು. ಬರುತ್ತದೆ ಎಂದೇ ಎಲ್ಲರೂ ನಿನ್ನನ್ನು ಇಳಿಸಿದ್ದು. ಗಾದಿಲಿಂಗ ಕಾಕಾನಿಗೂ ಬರುತ್ತಿತ್ತು. ನಿನ್ನ ಒಡಹುಟ್ಟಿದವನು ಲಾಡ್ಜಿನ ಗುಂಡಿಗೆ ಇಳಿದು, ಮೇಲೆ ಹಗ್ಗ ಹಿಡಿದ ನಿನ್ನ ಕೈಗೆ ಭಾರವಾಗಿ ಬಂದ. ಹೆಣ ಮಣ್ಣು ಮಾಡಿ ಬಂದು, ನೀನು ನಮ್ಮಿಬ್ಬರನ್ನು ಹತ್ತಿರ ಕೂರಿಸಿಕೊಂಡು, 'ಇನ್ನ ಯಾವ ದೊರಿ ಕರದ್ರೂ ಹೋಗಂಗಿಲ್ಲ' ಅಂದೆ. ಎಂಟು ವರ್ಷ ಹೋಗಲಿಲ್ಲ, ಉಪವಾಸವಿದ್ದಾಗಲೂ ಹೋಗಲಿಲ್ಲ. ಆದರೆ ನನ್ನ ಹೆಸರು ಹೇಳಿದರೆ ಹೋಗುತ್ತೀ. ಅದೇ ನನ್ನ ಭಯ. ದೊರೆಗಳಿಗೆ ನೀನು ಇಲ್ಲ ಅನ್ನಬಲ್ಲೆ, ಮಗಳಿಗೆ ಒಳ್ಳೆಯದಾಗುತ್ತದೆ ಎಂದರೆ ಇಲ್ಲ ಅನ್ನಲು ನಿನಗೆ ಬರುವುದಿಲ್ಲ. ಈ ಸಲ ಅನ್ನು, ಅಪ್ಪಾ. ನನಗೋಸ್ಕರವೇ ಅನ್ನು.

ಊರಮ್ಮಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು, ಅವಳ ಮಕ್ಕಳ ಕೆನ್ನೆ ಹಿಂಡು. ದುರುಗಣ್ಣನಿಗೆ ಒಂದು ಲೋಟ ಚಹಾ ಕುಡಿಸಿ ಕಳಿಸು, ನಿನ್ನೆಯಿಂದ ಅವನೂ ಸರಿಯಾಗಿ ಉಂಡಿಲ್ಲ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಮಗಳು,
ಅಂಜಲಿ

ತಾ.ಕ.: ದುರುಗಣ್ಣ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾನೆ. ಅವನು ಈಗ ಹೇಳಿದ, ನಾಳೆ ಬೆಳಿಗ್ಗೆ ಚನ್ನಯ್ಯ ನಿನ್ನ ಹತ್ತಿರ ಕಾರು ಕಳಿಸುತ್ತಾನಂತೆ, 'ಮಗಳ ನೌಕರಿ ಉಳೀಬೇಕಂದ್ರ ಬಾ' ಎಂದು ಹೇಳಿಸುತ್ತಾನಂತೆ. ನಿನ್ನೆ ಗಾಡಿ ನಿಲ್ಲಿಸಿದ ಕೂಡಲೇ ನಾನು ರಾಜೀನಾಮೆ ಬರೆದು ಅವನ ಮೇಜಿನ ಮೇಲಿಟ್ಟು ಬಂದಿದ್ದೇನೆ. ಅದನ್ನು ಅವನು ನಿನಗೆ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಉಳಿಸಲು ನನಗೆ ನೌಕರಿಯೇ ಇಲ್ಲ, ಅಪ್ಪಾ. ಕಾರು ಬಂದರೆ ಖಾಲಿ ಕಳಿಸು.