ಜೇನುತುಪ್ಪದಂಥ ನೀರು

ನನ್ನ ಮುದ್ದು ಮುನಿಸಪ್ಪನಿಗೆ,

ಮದುವೆಯಾಗಿ ತಿಂಗಳೂ ತುಂಬಿಲ್ಲ, ಆಗಲೇ ನಿನ್ನ ಊಟದ ಡಬ್ಬಿಯಲ್ಲಿ ಪತ್ರ ಇಡುವ ಹಾಗಾಯಿತು ನೋಡು. ಕಂಪ್ಯೂಟರಿನಲ್ಲಿ ನಾವಿಬ್ಬರೂ ಲೆಕ್ಕ ಹಾಕಿ ಹರಿಸಿದ ಹೊಳೆ ತಪ್ಪು ಎಂದು ನಾನು ಹೇಳಿದ್ದಕ್ಕೆ ನಿನ್ನೆಯಿಂದ ನೀನು ಮಾತೇ ಬಿಟ್ಟಿದ್ದೀಯ. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ.

ಅಣೆಕಟ್ಟೆಯ ಬಾಗಿಲು ಪೂರ್ತಿ ತೆರೆದರೂ ಕೆಳಗಿನ ತಡೆಗೋಡೆಯನ್ನು ನೀರು ದಾಟುವುದಿಲ್ಲ ಎಂದು ಬಂತಲ್ಲ, ಅದು ನೀರಲ್ಲ ಕಣೋ, ಜೇನುತುಪ್ಪ. ಆ ಹೊಳೆಯನ್ನು ಹನಿಗಳಾಗಿ ಒಡೆದವಳು ನಾನು, ಅದರ ಮೇಲೆ ಚೌಕಗಳ ಬಲೆ ಹಾಸಿದವನು ನೀನು. ನನ್ನ ಹನಿಗಳು ತಮ್ಮ ವೇಗವನ್ನು ನಿನ್ನ ಚೌಕಗಳಿಗೆ ಒಪ್ಪಿಸುತ್ತವೆ. ಚೌಕಗಳು ಒತ್ತಡದ ಲೆಕ್ಕ ಮುಗಿಸಿ, ಸರಾಸರಿ ವೇಗವನ್ನೇ ಎಲ್ಲ ಹನಿಗಳಿಗೂ ತಿರುಗಿ ಹಂಚುತ್ತವೆ. ಪ್ರತಿ ಸುತ್ತಿಗೂ ಹನಿಯ ಚುರುಕು ಸವೆಯುತ್ತದೆ. ಬೆಳಗ್ಗೆ ಎದ್ದು, ಚೌಕದಲ್ಲಿ ವೇಗ ಎಷ್ಟು ಬದಲಾಯಿತೋ ಅಷ್ಟನ್ನು ಮಾತ್ರ ಹನಿಯ ಸ್ವಂತ ವೇಗಕ್ಕೆ ಸೇರಿಸಿ ನೋಡಿದೆ. ನೀರು ಗೋಡೆ ಹಾರಿತು. ಗೋಡೆಯಾಚೆ ಮನೆಗಳಿವೆ.

"ಹೊಸಬಳು, ಹೊಂದಿಕೊಂಡು ಹೋಗಮ್ಮ" ಎಂದು ಅತ್ತೆ ಹೇಳಿದಾಗಲೆಲ್ಲ ತಲೆಯಾಡಿಸಿದ್ದೇನೆ. ಇದೊಂದಕ್ಕೆ ಆಗುವುದಿಲ್ಲ. ಊಟವಾದ ಮೇಲೆ, ಗೋಡೆ ಸಾಕು ಎನ್ನುವ ಆ ವರದಿಗೆ ಸಹಿ ಹಾಕಬೇಡ, ನೇರ ಕಚೇರಿಯ ಮಹಡಿ ಹತ್ತಿ ನನ್ನ ಮೇಜಿಗೆ ಬಾ. ಕೋಪವನ್ನೂ ಜೊತೆಗೇ ಕರೆದುಕೊಂಡು ಬಾ, ಕುರ್ಚಿ ಇನ್ನೊಂದಿದೆ. ಡಬ್ಬಿ ಮಾತ್ರ ಖಾಲಿಯಾಗಿರಲಿ.

ಇನ್ನೂ ಚುರುಕು ಸವೆಯದ
ನಿನ್ನ ಹೆಂಡತಿ